ತಾನೇ ಸುರಿಸಿ ತಾನೇ ಅಳೆದ ಮಳೆ

ರಾಡಾರ್ ತಜ್ಞ ದೂಶಾನ್ ಜರ್ನಿಚ್ 1975ರಲ್ಲಿ ಪ್ರಕಟಿಸಿದ ಎರಡು ಪುಟದ ಟಿಪ್ಪಣಿಗೆ ರಾಡಾರ್ ಮಂದಿ ಕೊಡುವ ಮರ್ಯಾದೆ ನನಗೆ ಅತಿ ಅನಿಸಿದೆ. ಮೋಡವೇ ಇಲ್ಲದೆ ಗಣಕದಲ್ಲಿ ಮಳೆಯ ಮಾರ್ದನಿ ಹುಟ್ಟಿಸುವ ವಿದ್ಯೆ ಅದು. ಹನಿಗಳ ವೇಗಗಳ ಹರವನ್ನು ಗಂಟೆಯಾಕಾರದಲ್ಲಿ ಬರೆದು, ಒಂದೊಂದು ಬಿಂದುವನ್ನೂ ಯಾದೃಚ್ಛಿಕ ಸಂಖ್ಯೆಯಿಂದ ಅಲುಗಿಸಿ, ಫೂರಿಯರ್ ಪರಿವರ್ತನೆಯನ್ನು ತಿರುಗುಮುರುಗಾಗಿ ಮಾಡಿದರೆ ಆಯಿತು. ಚೆಂದವಿದೆ, ಒಪ್ಪೋಣ.

ತಕರಾರಿರುವುದು ಇದನ್ನು ಅಡ್ಡಲೆ, ನಿಟ್ಟಲೆ ಎರಡನ್ನೂ ಬಳಸುವ ಧ್ರುವೀಕರಣ ರಾಡಾರಿಗೆ ಹಿಗ್ಗಿಸಿದ ರೀತಿಯಲ್ಲಿ. ದೊಡ್ಡ ಹನಿ ಬೀಳುವಾಗ, ರೊಟ್ಟಿಗೆಂದು ಅಂಗೈಯಲ್ಲಿ ಒತ್ತಿದ ಹಿಟ್ಟಿನುಂಡೆಯಂತೆ ಚಪ್ಪಟೆಯಾಗುತ್ತದೆ. ಹಾಗಾಗಿ ಅಡ್ಡಲೆ ನಿಟ್ಟಲೆಗಿಂತ ಜೋರಾಗಿ ಮರಳುತ್ತದೆ. ಗಣಕದಲ್ಲಿ ಈ ನಿಟ್ಟಲೆಯನ್ನು ತಯಾರಿಸುವ ರೂಢಿಯೇನು? ಅಡ್ಡಲೆಯನ್ನು 0.99ರಿಂದ ಗುಣಿಸಿ, 0.14 ಪಾಲು ಬೇರೆ ಗದ್ದಲ ಬೆರೆಸಿ, ಇಡೀ ಸರಣಿಯನ್ನು ಒಂದೇ ಪ್ರಮಾಣದಲ್ಲಿ ತಗ್ಗಿಸುವುದು. ಆ ‘ಒಂದೇ’ ಎಂಬಲ್ಲಿ ನನ್ನ ಬೆರಳು ನಿಲ್ಲುತ್ತದೆ.

ಈ ರೂಢಿಯನ್ನು ಬೆಳಗಾವಿ ಜಿಲ್ಲೆಯ ರಾಮದುರ್ಗದ ಮೇಲಿಟ್ಟು ನೋಡಿ. ಪಣಜಿಯ ರಾಡಾರಿನಿಂದ ಕಿತ್ತೂರು ನೂರು ಕಿ.ಮೀ. ಆಚೆ, ರಾಮದುರ್ಗ ಸುಮಾರು 165. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ ಸಹ್ಯಾದ್ರಿಯ ನೆತ್ತಿ ಸವರಿಕೊಂಡು ಅಲ್ಲಿ ಮುಟ್ಟುವಾಗ ಸಮುದ್ರಮಟ್ಟದಿಂದ ಮೂರು ಕಿ.ಮೀ. ಮೇಲಿರುತ್ತದೆ, ಒಂದು ಡಿಗ್ರಿ ಕಿರಣವಾದರೆ ಹೆಚ್ಚುಕಡಿಮೆ ಅಷ್ಟೇ ದಪ್ಪವೂ ಆಗಿರುತ್ತದೆ. ಆ ತುಣುಕಿನ ತಳದಲ್ಲಿ ಮುಂಗಾರಿನ ಪಡುವಣ ಗಾಳಿ ಬಿರುಸು, ತಲೆಯಲ್ಲಿ ಸಡಿಲು. ತಳದ ಹನಿಯೇ ಬೇರೆ, ತಲೆಯ ಹನಿಯೇ ಬೇರೆ. ಹಾಗಿದ್ದ ಮೇಲೆ ಪ್ರತಿ ವೇಗಕ್ಕೂ ಅದರದೇ ಚಪ್ಪಟೆತನ ಇರಬೇಡವೇ? ಗಣಕದ ಅನುಕರಣೆ ಇಲ್ಲವೆನ್ನುತ್ತದೆ, ಅಳೆಯುವ ಸೂತ್ರವೂ ಇಲ್ಲವೆನ್ನುತ್ತದೆ. ಇಬ್ಬರ ಲೆಕ್ಕವೂ ತಾಳೆಯಾದಾಗ ಅದಕ್ಕೆ ‘ದೃಢೀಕರಣ’ವೆಂಬ ಹೆಸರು. ತಾನೇ ಚೆಲ್ಲಿದ ಕಾಳನ್ನು ಆರಿಸಿ ಸುಗ್ಗಿ ಎಂದಹಾಗೆ.

ಸೂತ್ರದ ದೋಷ ಅಳೆಯಲಷ್ಟೇ ಅನುಕರಣೆ, ಮಳೆ ಅಳೆಯಲಲ್ಲ ಎನ್ನುವವರಿದ್ದಾರೆ. ಸರಿ, ಹಾಗಾದರೆ ದೃಢೀಕರಣವೆಂಬ ಮಾತನ್ನು ಬಿಟ್ಟುಕೊಡಲಿ. ರಾಡಾರನ್ನೇ ಅನುಮಾನಿಸುವ ಎದುರು ಪಾಳಯದವರೂ ಕಡಿಮೆಯಿಲ್ಲ. 2017ರ ಮೋಡಬಿತ್ತನೆ ಯೋಜನೆ ವರ್ಷಧಾರೆಗೆಂದು ಗದಗಿನಲ್ಲಿ ರಾಡಾರ್ ನಿಲ್ಲಿಸಿದಾಗ ನಾನು ಓದಿದ ಟೀಕೆಗಳೆಲ್ಲ ಖರ್ಚಿನ ಸುತ್ತಲೇ ಗಿರಕಿ ಹೊಡೆದವು. ಸವದತ್ತಿ ಅಲ್ಲಿಂದ ಎಪ್ಪತ್ತು ಕಿ.ಮೀ. ಒಳಗೇ ಇದೆ, ಬೈಲಹೊಂಗಲ ತೊಂಬತ್ತರ ಆಸುಪಾಸು. ಪಂಚಾಯಿತಿಗಳ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ರಾಡಾರಿನ ಲೆಕ್ಕ, ಮಾಪಕದ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಡಿ ಎಂದು ಕೇಳುವ ಬದಲು ಆರಿದ್ರೆ ಮಳೆಯ ಗಾದೆ ಹೇಳಿ ಮುಗಿಸಿದರು. ಇದು ವಿಮರ್ಶೆಯಲ್ಲ, ಮೈಗಳ್ಳತನ.

ಧ್ರುವೀಕರಣದ ಪರವಾಗಿಯೂ ಒಂದು ಮಾತು: ಗುಡ್ಡ ಕಿರಣವನ್ನು ಅರೆಬರೆ ತಡೆದರೂ ಎರಡಲೆಗಳ ಹಂತದ ಅಂತರ ಅಷ್ಟಾಗಿ ಕೆಡದು. ಸಹ್ಯಾದ್ರಿಯ ಈಚೆಗೆ ಇದು ಸಣ್ಣ ಲಾಭವಲ್ಲ. ಆದರೆ 2019ರ ಆಗಸ್ಟಿನಲ್ಲಿ ರಾಮದುರ್ಗಕ್ಕೆ ನುಗ್ಗಿದ ಮಲಪ್ರಭೆ ನೀರನ್ನು ಹೊತ್ತು ತಂದದ್ದು ಮೇಲಿನಿಂದ, ಘಟ್ಟದ ಕಣಕುಂಬಿಯ ಕಡೆಯಿಂದ. ಆ ಘಟ್ಟದ ಮಳೆಯಲ್ಲಿ ಸಣ್ಣ ಹನಿಗಳದೇ ಕಾರುಬಾರು, ಅವು ಚಪ್ಪಟೆಯಾಗುವುದೇ ಅಪರೂಪ, ಹಾಗಾಗಿ ಆ ಅಂತರವೂ ಅಷ್ಟಕ್ಕಷ್ಟೇ.