ಹೇಸರಗತ್ತೆಗಳ ಬಾವಿ

ಇಟಲಿಯ ಉಂಬ್ರಿಯಾದಲ್ಲಿ ಹಳ್ಳಿಯ ತೋಟದ ಮನೆಯೊಂದರಲ್ಲಿ ಉಳಿದು, ಬೆಳಗಿನ ಕಾಫಿ ಮುಗಿಸಿ ಹೊರಟರೆ ಬಂಡೆಯ ನೆತ್ತಿಯ ಮೇಲೆ ಕೂತ ಒರ್ವಿಯೆತೊ ಊರು ದೂರದಿಂದಲೇ ಕಾಣುತ್ತದೆ. ಚರ್ಚಿನ ಮುಂಗೋಡೆಯ ಚಿನ್ನದ ಮೊಸಾಯಿಕ್ ಚೆಂದವೇ. ಆದರೆ ನನ್ನ ಮನಸ್ಸು ನಿಂತದ್ದು ಬಾವಿಯಲ್ಲಿ. 1527ರಲ್ಲಿ ರೋಮ್ ಲೂಟಿಯಾದ ಮೇಲೆ ಇಲ್ಲಿ ಆಶ್ರಯ ಪಡೆದ ಪೋಪ್ ಏಳನೇ ಕ್ಲೆಮೆಂಟ್, ಮುತ್ತಿಗೆ ಬಿದ್ದರೂ ನೀರು ತಪ್ಪದಿರಲೆಂದು ತೋಡಿಸಿದ್ದು. ಆಳ ಸುಮಾರು 53 ಮೀಟರ್. ಒಂದರೊಳಗೊಂದು ಹೆಣೆದ ಎರಡು ಸುರುಳಿ ದಾರಿಗಳು, 248 ಮೆಟ್ಟಿಲು. ಹೇಸರಗತ್ತೆಗಳು ಒಂದರಲ್ಲಿ ಇಳಿದು, ನೀರು ಹೊತ್ತು ಇನ್ನೊಂದರಲ್ಲಿ ಹತ್ತುತ್ತಿದ್ದವು. ಎದುರುಬದುರಾಗುವ ಮಾತೇ ಇಲ್ಲ. ಮೆಟ್ಟಿಲುಗಳೂ ಅಗಲ, ತಗ್ಗು, ಗೊರಸಿಗೆ ತಕ್ಕ ಹಾಗೆ. ವಾಸ್ತುಶಿಲ್ಪಿ ಆಂತೋನಿಯೊ ದ ಸಂಗಾಲ್ಲೊ ಆ ಮೂಕಪ್ರಾಣಿಯ ಕಾಲನ್ನು ಮರೆಯಲಿಲ್ಲ! ಒಳಗೋಡೆಯ ಕಿಂಡಿಯಲ್ಲಿ ಬಗ್ಗಿದರೆ ತಂಪು ಮುಖಕ್ಕೆ ತಾಕುತ್ತದೆ. ಎದುರಿನ ಕಿಂಡಿಯಲ್ಲಿ ಹತ್ತುವವರ ಮುಖವೊಂದು ಕಂಡು ಮರೆಯಾಗುತ್ತದೆ.