‘ಎನ್ಮಕಜೆ’ ಬಿಡಿಸಿದ ಭೂಪಟ

ಆದಿಕಾಂಡದಲ್ಲಿ ದೇವರು ಆದಾಮನನ್ನೂ ಅನಂತರ ಕಾಯಿನನನ್ನೂ ‘ಎಲ್ಲಿ’ ಎಂದು ವಿಚಾರಿಸುತ್ತಾರೆ. ಒಬ್ಬನಿಗೆ, ನೀನೆಲ್ಲಿರುವೆ ಎಂಬ ಪ್ರಶ್ನೆ. ಇನ್ನೊಬ್ಬನಿಗೆ, ತಮ್ಮನೆಲ್ಲಿ ಎಂಬ ಪ್ರಶ್ನೆ. ಆರೋಗ್ಯವನ್ನು ಅಭ್ಯಸಿಸುವ ಭೂಗೋಳಶಾಸ್ತ್ರಜ್ಞರೂ ಇದನ್ನೇ ಕೇಳುತ್ತಾರೆ. ರೋಗವೆಲ್ಲಿದೆ? ಆರೈಕೆಯೆಲ್ಲಿದೆ? ಇವೆರಡರ ನಡುವಿನ ದೂರವೆಷ್ಟು? 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸಾವಿನ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ನೆರೆದಿರುವುದನ್ನು ತೋರಿಸಿಕೊಟ್ಟರು.

ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎನ್ಮಕಜೆ’ (2009) ಅಂತಹದೇ ಒಂದು ನಕ್ಷೆ. ಕಾಸರಗೋಡು ಜಿಲ್ಲೆಯ ಎನ್ಮಕಜೆ ನಮಗೆ ಪರದೇಶವಲ್ಲ. ಪುತ್ತೂರು ತಾಲೂಕಿನ ಪಾಣಾಜೆಯ ಗಡಿ ದಾಟಿದರೆ ಸ್ವರ್ಗ ಎಂಬ ಹೆಸರಿನ ಊರು. ಜನರ ಮಾತು ಕನ್ನಡ, ತುಳು. ಅಲ್ಲಿನ ಗೇರು ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗುಡ್ಡದ ನೀರೇ ತೋಡುಗಳಿಗೂ ಸುರಂಗಗಳಿಗೂ ಇಳಿಯುವ ಊರದು. ರೋಗಗಳು ಕೆಲವೇ ಮನೆಗಳಲ್ಲಿ ಗುಂಪುಗೂಡಿರುವುದನ್ನು ಮೊದಲು ಗಮನಿಸಿದವರು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್, ಅದನ್ನು ಲೋಕಕ್ಕೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಪ್ರಮುಖರು.

ಕಾದಂಬರಿಯ ಶಕ್ತಿ ಅದರ ಆರಂಭದಲ್ಲಿದೆ. ಲೋಕಕ್ಕೆ ಬೆನ್ನು ಹಾಕಿ ಕಾಡು ಸೇರಿದ ನೀಲಕಂಠನ್ ಮತ್ತು ದೇವಯಾನಿಯ ಬಳಿಗೆ ಮೈತುಂಬ ಹುಣ್ಣುಗಳಿರುವ ಒಂದು ಮಗು ಬರುತ್ತದೆ. ಆ ಮಗುವಿನ ಆರೈಕೆಯೇ ಅವರನ್ನು ಮನೆಯಿಂದ ಮನೆಗೆ, ಊರಿನ ಸಂಕಟದೊಳಗೆ ಕರೆದೊಯ್ಯುತ್ತದೆ. ಅಂಕಿ ಅಂಶಗಳಿಂದಲ್ಲ, ಕರುಣೆಯಿಂದ ನಕ್ಷೆ ತೆರೆದುಕೊಳ್ಳುವ ಈ ಕ್ರಮ ಸುವಾರ್ತೆಯ ಸಮಾರಿಯದವನನ್ನು ನೆನಪಿಸುತ್ತದೆ.

ಆದರೆ ಎರಡು ಕೊರತೆಗಳನ್ನು ಹೇಳಲೇಬೇಕು. ಕಥೆ ಮುಂದುವರಿದಂತೆ ಕೆಡುಕು ಒಬ್ಬ ರಾಜಕೀಯ ನಾಯಕನ ರೂಪ ತಾಳುತ್ತದೆ. ವಾಸ್ತವದಲ್ಲಿ ವಿಷ ಬಂದದ್ದು ಸಹಿ, ಆದೇಶ, ಸಂಬಳ, ಇಳುವರಿಯ ಲೆಕ್ಕಗಳ ಮೂಲಕ. ನಮ್ಮಂತಹ ಸಾಮಾನ್ಯರ ಕೈಗಳಿಂದ. ದುಷ್ಟನೊಬ್ಬನನ್ನು ತೋರಿಸಿದರೆ ಓದುಗನು ಹಗುರಾಗಿ ಪಾರಾಗುತ್ತಾನೆ.

ಎರಡನೆಯದಾಗಿ, ಕಾದಂಬರಿಯ ನಕ್ಷೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ, ವಿಷ ನಿಲ್ಲಲಿಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆಯೂ ಅದೇ ಮಳೆ ಸುರಿಯಿತು. ಪುತ್ತೂರು, ಸುಳ್ಯ, ಕಡಬದ ಗ್ರಾಮಗಳಲ್ಲಿಯೂ ಎಂಡೋಸಲ್ಫಾನ್ ಸಂತ್ರಸ್ತರಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳಕ್ಕೆ ಆದೇಶಿಸಿತು. ಗಡಿಯ ಈಚೆ ಮಾಸಾಶನದ ಬೇರೆಯೇ ವ್ಯವಸ್ಥೆ. ನೋವು ಒಂದೇ, ಪರಿಹಾರಕ್ಕೆ ಎರಡು ಭೂಪಟಗಳು!

ನಕ್ಷೆಗೂ ಮಿತಿಯಿದೆ. ಅದು ಸಾಮೀಪ್ಯವನ್ನು ತೋರಿಸುತ್ತದೆ. ಪ್ರತಿಯೊಂದು ಕಾಯಿಲೆಗೂ ಕಾರಣವನ್ನು ಅದೊಂದೇ ಸಾಧಿಸಲಾರದು. ಆದರೆ ಕಾರಣದ ಚರ್ಚೆ ಮುಗಿಯುವವರೆಗೆ ಆರೈಕೆ ಕಾಯಬೇಕಿಲ್ಲ. ಕೊಕ್ಕಡ, ಕೊಯಿಲದಲ್ಲಿ ಸಂತ್ರಸ್ತರಿಗಾಗಿ ತೆರೆದ ಹಗಲು ಪಾಲನಾ ಕೇಂದ್ರಗಳ ಅರ್ಥ ಇದೇ. ಹಗಲು ಕಳೆದ ಮೇಲಿನ ಆರೈಕೆ ಯಾರದು? ತಾಯಿಯದು. ಹಾಸಿಗೆ ಹಿಡಿದ ಮೂವತ್ತರ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಿಗೆ ಅರುವತ್ತು ದಾಟಿರುತ್ತದೆ. ಅಂತಹ ಒಬ್ಬ ತಾಯಿಗೆ ಪರಮಪ್ರಸಾದ ಒಯ್ದಾಗ ಆಕೆ ನನ್ನಲ್ಲಿ ಕೇಳಿದ್ದು ಇಷ್ಟೇ: “ನನ್ನ ಅನಂತರ ಇವನು ಎಲ್ಲಿ, ಫಾದರ್?” ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಪ್ರತಿಯೊಂದು ವಾಳೆಗೂ ಕುಟುಂಬಗಳ ಪಟ್ಟಿಯಿದೆ. ವಂತಿಗೆ ಬಂದ ಮನೆ, ಬಾರದ ಮನೆ ಅದರಲ್ಲಿ ಸ್ಪಷ್ಟ. ಮನೆಬಿಟ್ಟು ಬರಲಾಗದವರಿರುವ ಮನೆ ಯಾವುದು, ಭಾನುವಾರ ಒಂದು ಗಂಟೆ ಅಲ್ಲಿ ಕುಳಿತು ಆ ತಾಯಿಯನ್ನು ಪೂಜೆಗೆ ಕಳುಹಿಸುವವರು ಯಾರು ಎಂಬುದನ್ನೂ ಗುರಿಕಾರರು ಅದೇ ಪಟ್ಟಿಯಲ್ಲಿ ಬರೆದಿಡಲಿ. ಆ ಮನೆ ಯಾವ ಧರ್ಮದವರದಾದರೂ ಸರಿ. ಕಡಬ, ನೆಲ್ಯಾಡಿ ಕಡೆಯ ಮಲಯಾಳ ಮನೆಮಾತಿನ ಕುಟುಂಬಗಳು ‘ಎನ್ಮಕಜೆ’ಯನ್ನು ಮೂಲದಲ್ಲೇ ಓದಿ ನೆರೆಮನೆಯವರಿಗೆ ಹೇಳಲಿ. ಕಾದಂಬರಿ ನಿಲ್ಲಿಸಿದಲ್ಲಿಂದ ನಕ್ಷೆಯನ್ನು ಮುಂದುವರಿಸಬೇಕಾದವರು ಗಡಿಯ ಈಚೆಗಿನ ನಾವು. ತಮ್ಮನೆಲ್ಲಿ ಎಂಬ ಪ್ರಶ್ನೆಗೆ ಕಾಯಿನನು ಕೊಟ್ಟ ಉತ್ತರ ನಮ್ಮದಾಗದಿರಲಿ.