ಪುಸ್ತಕಗಳಿಗೆ ಕಾವಲು ನಿಂತ ಅರಸರು

ಫ್ಯಾಂಟಸಿ ಕಾದಂಬರಿಗಳ ಪಾತ್ರಗಳನ್ನು ಪುಟ್ಟ ಪ್ರತಿಮೆಗಳಾಗಿ, ಪುಸ್ತಕಗಳು ವಾಲದಂತೆ ಹಿಡಿಯುವ ಬುಕ್‌ಎಂಡ್‌ಗಳಾಗಿ ಕೂಡಿಡುವವರನ್ನು ಸಾಹಿತ್ಯದ ಮಂದಿ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಟಿಕೆಯ ಚಪಲ ಎಂದು ನಕ್ಕು ಸುಮ್ಮನಾಗುತ್ತಾರೆ. ನನಗೆ ಮಾತ್ರ ಇದು ಓದಿಗೇ ಸಂಬಂಧಿಸಿದ ಪ್ರಶ್ನೆ. ಲೇಖಕ ತೆರೆದಿಟ್ಟ ಮುಖವೊಂದನ್ನು ಅಚ್ಚಿಗೆ ಹಾಕಿ ಮುಗಿಸಿಬಿಟ್ಟರೆ ಓದುಗನ ಪಾಲಿಗೆ ಉಳಿಯುವುದೇನು?

ಟೋಲ್ಕಿನ್ ಇದರ ಬಗ್ಗೆ ಯೋಚಿಸಿದ್ದರು. ಯಕ್ಷಕಥೆಗಳನ್ನು ಕುರಿತು 1947ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಅವರು ಚಿತ್ರಗಳ ಬಗ್ಗೆ ಅನುಮಾನ ತೋರುತ್ತಾರೆ. ಚಿತ್ರ ಎಲ್ಲರ ಮೇಲೂ ಒಂದೇ ರೂಪವನ್ನು ಹೇರುತ್ತದೆ; ಮಾತಿನಲ್ಲಿ ಬಂದ ಬೆಟ್ಟವೋ ಹೊಳೆಯೋ ಪ್ರತಿಯೊಬ್ಬನಿಗೂ ಅವನು ಕಂಡ ಬೆಟ್ಟ, ಅವನು ಕಂಡ ಹೊಳೆಯಾಗುತ್ತದೆ. ('ಹಾಬಿಟ್'ಗೆ ಸ್ವತಃ ಚಿತ್ರ ಬರೆದವರೂ ಇವರೇ ಎಂಬುದು ಬೇರೆ ಮಾತು.)

ಗಾಲಮ್‌ನನ್ನೇ ನೋಡಿ. 1937ರಲ್ಲಿ 'ಹಾಬಿಟ್' ಬಂದಾಗ ಅವನ ಗಾತ್ರದ ಬಗ್ಗೆ ಸ್ಪಷ್ಟ ಮಾತಿರಲಿಲ್ಲ. 1962ರ ಸ್ವೀಡಿಷ್ ಆವೃತ್ತಿಗೆ ಚಿತ್ರ ಬರೆದ ತೂವೆ ಯಾನ್ಸನ್ ಅವನನ್ನು ಬಿಲ್ಬೊನ ಮುಂದೆ ದೈತ್ಯನನ್ನಾಗಿ ನಿಲ್ಲಿಸಿದರು. 1966ರ ಪರಿಷ್ಕರಣೆಯಲ್ಲಿ 'ಸಣ್ಣ' ಎಂಬ ವಿಶೇಷಣ ಬಂದು ಸೇರಿಕೊಂಡಿತು. ಆದರೂ ಆ ದೈತ್ಯ ಗಾಲಮ್ ನನಗೆ ತಪ್ಪು ಓದು ಅನ್ನಿಸುವುದಿಲ್ಲ. ನೆಲದಡಿಯ ಕತ್ತಲಲ್ಲಿ, ನೀರಿನ ಅಂಚಿನಲ್ಲಿ ಪಿಸುಗುಟ್ಟುವ ಜೀವಿ ಎಷ್ಟು ದೊಡ್ಡದೆಂದು ಹೆದರಿದವನಿಗೆ ಹೇಗೆ ತಿಳಿಯಬೇಕು? 2003ರಲ್ಲಿ 'ದಿ ಟೂ ಟವರ್ಸ್' ಸಿನಿಮಾದ ವಿಸ್ತೃತ ಡಿವಿಡಿಯ ಉಡುಗೊರೆ ಪೆಟ್ಟಿಗೆಯಲ್ಲಿ ಬಂದ ಪ್ರತಿಮೆಯಲ್ಲಿ ಈ ಪ್ರಶ್ನೆಗೆ ಜಾಗವೇ ಇಲ್ಲ. ಕಣ್ಣು, ಪಕ್ಕೆಲುಬು, ತಲೆಯ ನಾಲ್ಕು ಕೂದಲು, ಎಲ್ಲವೂ ಸಿನಿಮಾದಲ್ಲೇ ತೀರ್ಮಾನವಾಗಿದೆ. ಕೆಲಸ ಸೊಗಸಾಗಿದೆ. ತೊಂದರೆಯೂ ಅದೇ.

ದಸರಾ ಗೊಂಬೆಗಳನ್ನು ಜೋಡಿಸುವ ನಮಗೆ ಇದರಲ್ಲೇನು ವಿಶೇಷ ಎಂದು ಕೇಳಬಹುದು. ಆದರೆ ಹತ್ತು ಮನೆಯ ರಾಮ ಹತ್ತು ಬಗೆ. ಅವನ ಮುಖದ ಹಕ್ಕು ಯಾವ ಸ್ಟುಡಿಯೋದ ಕೈಯಲ್ಲೂ ಇಲ್ಲ.

ಗಾಲಮ್‌ಗಿಂತ ಒಂದು ವರ್ಷ ಮೊದಲು, 'ದಿ ಫೆಲೋಶಿಪ್ ಆಫ್ ದ ರಿಂಗ್' ಪೆಟ್ಟಿಗೆಯೊಂದಿಗೆ ಬಂದದ್ದು ಆರ್ಗೊನಾಥ್ ಬುಕ್‌ಎಂಡ್ ಜೋಡಿ. ಇದರ ಮೇಲೆ ನನ್ನ ತಕರಾರು ಕಡಿಮೆ. ಕಾದಂಬರಿಯಲ್ಲೂ ಅವು ಕಲ್ಲೇ: ಆಂಡುಯಿನ್ ನದಿಯ ಎರಡೂ ಬದಿಗೆ ನಿಂತು ಗೊಂಡೋರ್‌ನ ಗಡಿ ಕಾಯುವ ಅರಸರು, ಇಸಿಲ್ದುರ್ ಮತ್ತು ಅವನ ತಮ್ಮ ಅನಾರಿಯೊನ್. ಬಲಗೈಯಲ್ಲಿ ಕೊಡಲಿ, ಎತ್ತಿದ ಎಡ ಅಂಗೈ 'ನಿಲ್ಲು' ಎನ್ನುತ್ತದೆ. ಸಿನಿಮಾ ತಮ್ಮನನ್ನು ಕೈಬಿಟ್ಟು ತಂದೆ ಎಲೆಂಡಿಲ್‌ನನ್ನು ನಿಲ್ಲಿಸಿತು, ಬುಕ್‌ಎಂಡ್ ಸಿನಿಮಾವನ್ನೇ ಹಿಂಬಾಲಿಸಿತು. ಅದಿರಲಿ. ಪ್ರತಿಮೆಯ ಪ್ರತಿಮೆ ಮಾಡಿದರೆ ಯಾರ ಕಲ್ಪನೆಗೂ ಬೀಗ ಬೀಳುವುದಿಲ್ಲ. ಇಲ್ಲಿ ಕಳೆದುಹೋಗುವುದು ಎತ್ತರ. ದೋಣಿಯಲ್ಲಿ ಬಂದ ಫ್ರೋಡೊ ಅವರ ಕಾಲಡಿಯಲ್ಲಿ ಮುದುಡಿ ಕೂರುತ್ತಾನೆ; ಅದೇ ದೋಣಿಯಲ್ಲಿದ್ದ ಆರಗಾರ್ನ್, ತನ್ನ ಪೂರ್ವಿಕರನ್ನು ಕಂಡು, ಅರಸನಂತೆ ನೆಟ್ಟಗಾಗುತ್ತಾನೆ. ಕಪಾಟಿನ ಅರಸರನ್ನು ನಾವು ಮೇಲಿನಿಂದ ನೋಡುತ್ತೇವೆ, ಧೂಳು ಒರೆಸುತ್ತೇವೆ.

ಹಾಗಿದ್ದೂ ಅವರಿಗೊಂದು ಕೆಲಸವಿದೆ. ಗಾಲಮ್ ಸುಮ್ಮನೆ ನೋಡಿಸಿಕೊಳ್ಳುತ್ತಾನೆ. ಇವರು ಭಾರ ಹೊರುತ್ತಾರೆ. ನದಿ ಹರಿಯುತ್ತಿದ್ದ ಜಾಗದಲ್ಲಿ ಈಗ ಪುಸ್ತಕಗಳಿವೆ, ಅವನ್ನು ಇನ್ನೂ ತೆಗೆದು ಓದಬಹುದು. ಪೆಟ್ಟಿಗೆ ಬಿಚ್ಚಿದರೆ ಬೆಲೆ ಇಳಿಯುತ್ತದೆಂದು ಹಾಗೇ ಇಟ್ಟುಕೊಳ್ಳುವ ಸಂಗ್ರಾಹಕರ ಲೆಕ್ಕ ನನಗೆ ಅರ್ಥವಾಗುವುದಿಲ್ಲ. ಕೊಳ್ಳುವುದಾದರೆ ನಾನು ಅರಸರನ್ನೇ ಕೊಳ್ಳುತ್ತೇನೆ, ಬಾಕಿ ಇರುವ ನನ್ನ ಫೆಲೋಶಿಪ್ ಕೈಗೆ ಬಂದಾಗ.